ದಾರದ ಅಳತೆ, ದಾರಿಯ ಅಳತೆ



ನಮ್ಮ ಪ್ರೌಢಶಾಲೆಯ ಕಪಾಟಿನ ಮೇಲೆ ಧೂಳು ಹಿಡಿದು ಕುಳಿತಿರುತ್ತಿದ್ದ ಭೂಗೋಳ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ವರ್ಷಕ್ಕೊಮ್ಮೆ ಅಕ್ಷಾಂಶ ರೇಖಾಂಶಗಳ ಪಾಠ ಬಂದಾಗ ನಾನು ಅದನ್ನು ಕೆಳಗಿಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತರಗತಿಗೆ ತರುತ್ತಿದ್ದೆ. ಜೊತೆಗೆ ಹೂ ಕಟ್ಟುವ ದಾರದ ಒಂದು ಉಂಡೆ. ಮೊದಲು ಗೋಡೆಯ ಮೇಲಿನ ಮರ್ಕೇಟರ್ ನಕ್ಷೆಯಲ್ಲಿ ಲಂಡನ್ನಿನಿಂದ ಸಿಡ್ನಿಗೆ ಅಳತೆಪಟ್ಟಿ ಇಟ್ಟು ಗೆರೆ ನೋಡಲು ಹೇಳುತ್ತಿದ್ದೆ. ಆ ಗೆರೆ ಅರಬ್ಬರ ನಾಡನ್ನು ದಾಟಿ, ಸಮುದ್ರ ಹಾಯ್ದು, ಸರಿಯಾಗಿ ನಮ್ಮ ಕೊಡಗಿನ ಪಕ್ಕದ ಪಡುವಣ ಕರಾವಳಿಗೆ ಬಂದು ಮುಟ್ಟುತ್ತಿತ್ತು. ದಾರಿಯ ನಟ್ಟನಡುವೆ ನಾವು! ಮಕ್ಕಳ ಮುಖದಲ್ಲಿ ಏನೋ ಹೆಮ್ಮೆ. ಆಮೇಲೆ ಅದೇ ಎರಡು ಊರುಗಳ ನಡುವೆ ಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿಸುತ್ತಿದ್ದೆ. ದಾರವು ತಾನಾಗಿ ಉತ್ತರಕ್ಕೆ ಜಾರಿ, ರಷ್ಯಾ, ಕಜಾಕಸ್ತಾನ, ಚೀನಾಗಳ ಮೇಲೆ ಹಾದು, ಇಂಡೋನೇಷ್ಯಾದ ದ್ವೀಪಗಳನ್ನು ದಾಟಿ ಸಿಡ್ನಿಗೆ ಇಳಿಯುತ್ತಿತ್ತು. ಭಾರತವನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಭೂಮಿ ದುಂಡಗಿರುವುದರಿಂದ ಚಪ್ಪಟೆ ನಕ್ಷೆಯ ನೇರ ಗೆರೆ ನಿಜವಾಗಿ ಅತಿ ಹ್ರಸ್ವವಾದ ದಾರಿಯಲ್ಲ ಎಂಬುದೇ ಆ ದಿನದ ಪಾಠ.

2019ರ ಮಳೆಗಾಲದಲ್ಲಿ ಆ ತರಗತಿಯಲ್ಲಿ ದಾರದ ತುದಿ ಹಿಡಿದಿದ್ದ ಒಬ್ಬ ಹುಡುಗಿ ನನ್ನ ಮನೆಗೆ ಬಂದಳು. ಹುಡುಗಿ ಎಂದೆ, ಅವಳೀಗ ಐವತ್ತರ ಸಮೀಪದ ಗೃಹಿಣಿ. ಅನೇಕ ವರ್ಷಗಳಿಂದ ಸಿಡ್ನಿಯಲ್ಲಿ ವಾಸ. ಮಗಳು ಲಂಡನ್ನಿನಲ್ಲಿ ಓದುತ್ತಿದ್ದಳು. ತಾಯಿ ಇಲ್ಲಿಯೇ, ನಮ್ಮ ಪಕ್ಕದ ಊರಿನಲ್ಲಿ. ಆ ತಾಯಿ ತೀರಿಕೊಂಡ ಸುದ್ದಿ ಅವಳಿಗೆ ಐದು ನಿಮಿಷದಲ್ಲಿ ಮುಟ್ಟಿತ್ತು. ಅವಳು ಊರಿಗೆ ಮುಟ್ಟುವಾಗ ಮೂರನೆಯ ದಿನ. ನಡುದಾರಿಯಲ್ಲಿ ಒಂದು ವಿಮಾನ ತಡವಾಗಿ, ಮುಂದಿನದು ತಪ್ಪಿಹೋಗಿ, ಕೊನೆಗೆ ಬೆಂಗಳೂರಿನಿಂದ ಮಳೆಯಲ್ಲಿ ಘಾಟಿ ದಾಟಿ ಬರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ನಮ್ಮ ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: “ಮೇಷ್ಟ್ರೇ, ಮಗಳನ್ನು ನೋಡಲು ಲಂಡನ್ನಿಗೆ ಹೋಗುವಾಗಲೆಲ್ಲ ನಾನು ಇಲ್ಲಿ ಇಳಿದು ಅಮ್ಮನ ಹತ್ತಿರ ಒಂದು ವಾರ ಇದ್ದು ಹೋಗುತ್ತಿದ್ದೆ. ಈಗ ಸಿಡ್ನಿಯಿಂದ ಲಂಡನ್ನಿಗೆ ಎಲ್ಲಿಯೂ ನಿಲ್ಲದ ವಿಮಾನ ಬರುತ್ತದೆಯಂತೆ. ಅದು ನೀವು ಹಿಡಿಸಿದ ದಾರದ ದಾರಿ. ಅದರಲ್ಲಿ ನಮ್ಮ ಊರೇ ಇರಲಿಲ್ಲವಲ್ಲ?”

ಆ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಎರಡು ಊರುಗಳ ನಡುವಿನ ದಾರಿಯ ಕಥೆಯನ್ನು ಓದುತ್ತ ಬಂದಿದ್ದೇನೆ. ಅದರ ಸಾರವನ್ನು ನಿಮ್ಮೆಲ್ಲರ ಮುಂದೆ ಇಡುತ್ತೇನೆ.

ಮೊದಲು ಅಳತೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಸಿಡ್ನಿಯ ವಿಮಾನ ನಿಲ್ದಾಣಕ್ಕೆ ದಾರದ ಅಳತೆಯಲ್ಲಿ ಸುಮಾರು 17,000 ಕಿಲೋಮೀಟರು. ಭೂಮಿಯ ಸುತ್ತಳತೆ 40,000 ಕಿಲೋಮೀಟರು. ಅದರ ಅರ್ಧವಾದ 20,000ಕ್ಕಿಂತ ಹೆಚ್ಚು ದೂರದಲ್ಲಿ ಯಾವ ಎರಡು ಊರುಗಳೂ ಇರಲಾರವು. ಆದ್ದರಿಂದ ಈ ಜೋಡಿ ಹೆಚ್ಚುಕಡಿಮೆ ಭೂಮಿಯ ಈ ತುದಿ ಮತ್ತು ಆ ತುದಿ. ಗೋಡೆಯ ನಕ್ಷೆಯಲ್ಲಿ ನಮ್ಮ ಕರಾವಳಿಯನ್ನು ಮುಟ್ಟುವ ಗೆರೆಯನ್ನು ಲೆಕ್ಕ ಹಾಕಿ ನೋಡಿದೆ: ದಾರಕ್ಕಿಂತ ಅದು ಏಳುನೂರು ಕಿಲೋಮೀಟರಿನಷ್ಟು ಮಾತ್ರ ಉದ್ದ. ಇದನ್ನು ನೆನಪಿನಲ್ಲಿಡಿ.

ಇಂಗ್ಲೆಂಡಿನಿಂದ ಕೈದಿಗಳನ್ನು ಹೊತ್ತ ಮೊದಲ ಹಡಗುಗಳ ತಂಡ 1787ರ ಮೇ 13ರಂದು ಹೊರಟು 1788ರ ಜನವರಿಯಲ್ಲಿ ಆಸ್ಟ್ರೇಲಿಯವನ್ನು ಮುಟ್ಟಿತು. ಎಂಟು ತಿಂಗಳ ಪ್ರಯಾಣ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳು ಕೆಲವೇ ವಾರಗಳಲ್ಲಿ ಹೋಗತೊಡಗಿದವು. ಆದರೆ ಆ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು 1872ರಲ್ಲಿ. ಆ ವರ್ಷ ಡಾರ್ವಿನ್ನಿನಿಂದ ಅಡಿಲೇಡಿನವರೆಗೆ ಮರುಭೂಮಿಯ ಮೂಲಕ ಎಳೆದ ತಂತಿ ಪೂರ್ಣಗೊಂಡು, ಮದರಾಸು, ಪೆನಾಂಗ್, ಸಿಂಗಪುರ, ಜಾವಾಗಳ ಮೂಲಕ ಬಂದ ಸಮುದ್ರ ತಂತಿಗೆ ಕೂಡಿಕೊಂಡಿತು. ಅದುವರೆಗೆ ಸಾವಿನ ಸುದ್ದಿಯೂ ಮನುಷ್ಯನ ವೇಗದಲ್ಲಿಯೇ, ಹಡಗಿನಲ್ಲಿಯೇ ಹೋಗುತ್ತಿತ್ತು. ಅಲ್ಲಿಂದಾಚೆಗೆ ಸುದ್ದಿ ಮುಂದೆ, ಮನುಷ್ಯ ಹಿಂದೆ. ನನ್ನ ವಿದ್ಯಾರ್ಥಿನಿಯ ಐದು ನಿಮಿಷ ಮತ್ತು ಮೂರು ದಿನಗಳ ನಡುವಿನ ಅಂತರ ಹುಟ್ಟಿದ್ದು ಅಂದು. ಅದಾದ ಮೇಲಿನ ಇತಿಹಾಸವೆಲ್ಲ ಮನುಷ್ಯನು ತನ್ನ ಸುದ್ದಿಯನ್ನು ಬೆನ್ನಟ್ಟಿದ ಇತಿಹಾಸ.

ಮೊದಲನೆಯ ಮಹಾಯುದ್ಧ ಮುಗಿದೊಡನೆ, 1919ರಲ್ಲಿ, ಆಸ್ಟ್ರೇಲಿಯದ ಸರ್ಕಾರ ಒಂದು ಬಹುಮಾನ ಘೋಷಿಸಿತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ 30 ದಿನಗಳೊಳಗೆ ಹಾರಿ ಬರುವ ಮೊದಲ ಆಸ್ಟ್ರೇಲಿಯನ್ನರಿಗೆ 10,000 ಪೌಂಡು. ರಾಸ್ ಸ್ಮಿತ್, ಕೀತ್ ಸ್ಮಿತ್ ಎಂಬ ಅಣ್ಣತಮ್ಮಂದಿರೂ, ಬೆನೆಟ್ ಮತ್ತು ಶಿಯರ್ಸ್ ಎಂಬ ಇಬ್ಬರು ಯಂತ್ರಜ್ಞರೂ ವಿಕರ್ಸ್ ವಿಮಿ ಎಂಬ ಯುದ್ಧವಿಮಾನವನ್ನೇರಿ ನವೆಂಬರ್ 12ರಂದು ಲಂಡನ್ನಿನ ಹೌನ್ಸ್‌ಲೋ ಬಯಲಿನಿಂದ ಹೊರಟರು. ಇಂದಿನ ಹೀಥ್ರೂ ನಿಲ್ದಾಣ ಅಲ್ಲಿಂದ ಕೂಗಳತೆಯ ದೂರ. ಮೇಲೆ ಮುಚ್ಚುಗೆಯಿಲ್ಲದ ವಿಮಾನ. ಚಳಿ, ಮಳೆಗಳೆಲ್ಲ ಮುಖಕ್ಕೇ. ಅದಕ್ಕೆ ಕೊಟ್ಟಿದ್ದ ನೋಂದಣಿ ಅಕ್ಷರಗಳನ್ನು ಅವರು ‘ದೇವರೇ ನಮ್ಮೆಲ್ಲರನ್ನು ಕಾಪಾಡಲಿ’ ಎಂಬರ್ಥ ಬರುವಂತೆ ಬಿಡಿಸಿಕೊಂಡು ನಗುತ್ತಿದ್ದರಂತೆ.

ಅವರ ದಾರಿ ದಾರದ ದಾರಿಯಾಗಿರಲಿಲ್ಲ. ಕರಾಚಿ, ದೆಹಲಿ, ಅಲಹಾಬಾದು, ಕಲ್ಕತ್ತ ಎಂದು ನಮ್ಮ ನೆಲದ ಮೇಲೆಯೇ ಮೆಟ್ಟಿಲು ಮೆಟ್ಟಿಲಾಗಿ ಹೋದರು. ಇಂಧನ ತುಂಬಿಕೊಳ್ಳಲು, ಯಂತ್ರವನ್ನು ಸರಿಪಡಿಸಲು, ರಾತ್ರಿ ತಂಗಲು ಅವರಿಗೆ ನೆಲ ಬೇಕಿತ್ತು. ನಮ್ಮ ನೆಲ ಆಗ ಅವರ ಚಕ್ರಾಧಿಪತ್ಯದ ಕೈಯಲ್ಲಿತ್ತು. ಕಲ್ಕತ್ತದಲ್ಲಿ ಕುದುರೆ ಜೂಜಿನ ಮೈದಾನವೇ ವಿಮಾನ ನಿಲ್ದಾಣ. ಅಲ್ಲಿಂದ ಏಳುವಾಗ ಹದ್ದುಗಳು ವಿಮಾನಕ್ಕೆ ಬಡಿದು ದೊಡ್ಡ ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಜಾವಾದ ಸುರಬಾಯದಲ್ಲಿ ವಿಮಾನದ ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಊರ ಜನ ತಮ್ಮ ಮನೆಗಳ ಬಿದಿರ ತಟ್ಟಿಗಳನ್ನು ತಂದು ಹಾಸಿಕೊಟ್ಟರು. ಆ ಹಾಸಿನ ಮೇಲೆ ಓಡಿ ವಿಮಾನ ಮೇಲೆದ್ದಿತು. ಡಿಸೆಂಬರ್ 10ರಂದು ಡಾರ್ವಿನ್ನಿನಲ್ಲಿ ಇಳಿದಾಗ 27 ದಿನ 20 ಗಂಟೆ ಆಗಿತ್ತು. ಅದರಲ್ಲಿ ಗಾಳಿಯಲ್ಲಿದ್ದದ್ದು ಸುಮಾರು 135 ಗಂಟೆ ಮಾತ್ರ. ಸುಮಾರು 17,900 ಕಿಲೋಮೀಟರು ಹಾರಿದ್ದರು. ಭಾಗಿಸಿ ನೋಡಿ: ಗಂಟೆಗೆ 130 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಂದು ಹೆದ್ದಾರಿಯಲ್ಲಿ ಅವಸರದ ಕಾರುಗಳು ಹೋಗುವ ವೇಗ!

ಈ ಸಾಹಸಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅದೇ ಸ್ಪರ್ಧೆಯಲ್ಲಿ ಹೊರಟ ಬೇರೆ ಎರಡು ವಿಮಾನಗಳ ನಾಲ್ವರು ಸತ್ತರು. ಒಂದು ಲಂಡನ್ನಿನ ಬಳಿಯೇ ಬಿತ್ತು, ಇನ್ನೊಂದು ಗ್ರೀಸಿನ ಕಾರ್ಫು ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. ಗೆದ್ದ ರಾಸ್ ಸ್ಮಿತ್ ಮತ್ತು ಬೆನೆಟ್ ಇಬ್ಬರೂ 1922ರಲ್ಲಿ ಮತ್ತೊಂದು ವಿಮಾನವನ್ನು ಪರೀಕ್ಷಿಸುವಾಗ ಮಡಿದರು. ಅವರ ವಿಮಿ ವಿಮಾನ ಇಂದಿಗೂ ಅಡಿಲೇಡಿನಲ್ಲಿ ಸುರಕ್ಷಿತವಾಗಿದೆ.

1930ರ ಮೇ ತಿಂಗಳಿನಲ್ಲಿ ಏಮಿ ಜಾನ್ಸನ್ ಎಂಬ 26 ವರ್ಷದ ಹೆಣ್ಣುಮಗಳು ಒಬ್ಬಳೇ ಇಂಗ್ಲೆಂಡಿನಿಂದ ಡಾರ್ವಿನ್ನಿಗೆ ಹತ್ತೊಂಬತ್ತೂವರೆ ದಿನಗಳಲ್ಲಿ ಹಾರಿದಳು. ಅಲಹಾಬಾದಿಗೆ ಹೋಗುವಾಗ ಇಂಧನ ಸಾಲದೆ ಝಾನ್ಸಿಯ ಸೈನಿಕ ಮೈದಾನದಲ್ಲಿ ಇಳಿಯಬೇಕಾಯಿತು. ಅದೇ ವರ್ಷ ಚಾರ್ಲ್ಸ್ ಕಿಂಗ್ಸ್‌ಫೋರ್ಡ್ ಸ್ಮಿತ್ ಎಂಬ ವೀರ ಅದೇ ದೂರವನ್ನು ಹತ್ತು ದಿನಗಳೊಳಗೆ ಮುಗಿಸಿದ. ಐದು ವರ್ಷಗಳ ಬಳಿಕ ಮತ್ತೆ ದಾಖಲೆ ಮಾಡಲು ಹೊರಟವನು 1935ರ ನವೆಂಬರಿನಲ್ಲಿ ಅಲಹಾಬಾದಿನಿಂದ ಸಿಂಗಪುರದತ್ತ ಮೇಲೇರಿದ. ರಾತ್ರಿಯ ಕತ್ತಲೆಯಲ್ಲಿ ಬರ್ಮಾದ ಕಡಲ ಕಡೆ ಸಂಗಡಿಗನೊಡನೆ ಕಣ್ಮರೆಯಾದ. ಸಿಡ್ನಿಯ ವಿಮಾನ ನಿಲ್ದಾಣಕ್ಕೆ ಇಂದು ಇರುವುದು ಅವನದೇ ಹೆಸರು. ಆ ನಿಲ್ದಾಣದಲ್ಲಿ ಇಳಿಯುವ ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು, ಆ ಹೆಸರಿನ ಮನುಷ್ಯ ಕೊನೆಯ ಬಾರಿ ಕಾಲೂರಿದ ನೆಲ ನಮ್ಮ ಪ್ರಯಾಗವೆಂದು?

ವೀರರು ತೋರಿದ ದಾರಿಯಲ್ಲಿ ವ್ಯಾಪಾರ ಬಂದಿತು. 1935ರಲ್ಲಿ ಇಂಪೀರಿಯಲ್ ಏರ್‌ವೇಸ್ ಮತ್ತು ಕ್ವಾಂಟಾಸ್ ಸಂಸ್ಥೆಗಳು ಕೂಡಿ ಲಂಡನ್ನಿನಿಂದ ಬ್ರಿಸ್ಬೇನಿಗೆ ಪ್ರಯಾಣಿಕರನ್ನು ಒಯ್ಯತೊಡಗಿದವು: ಹನ್ನೆರಡೂವರೆ ದಿನ, ನಡುವೆ ಯುರೋಪಿನಲ್ಲಿ ಸ್ವಲ್ಪ ದೂರ ರೈಲು. 1938ರಲ್ಲಿ ನೀರಿನ ಮೇಲೆ ಇಳಿಯುವ ‘ಹಾರುವ ದೋಣಿ’ಗಳು ಬಂದವು. ಸಿಡ್ನಿಗೆ ಒಂಬತ್ತು ಹತ್ತು ದಿನಗಳ ಪಯಣ. ನಮ್ಮ ದೇಶದಲ್ಲಿ ಅವು ರಾಜಸ್ಥಾನದ ರಾಜಸಮಂದ ಸರೋವರದಲ್ಲಿಯೂ, ಗ್ವಾಲಿಯರಿನ ಜಲಾಶಯದಲ್ಲಿಯೂ, ಅಲಹಾಬಾದಿನ ನದಿಯಲ್ಲಿಯೂ, ಕಲ್ಕತ್ತದ ಹೂಗ್ಲಿಯಲ್ಲಿಯೂ ಇಳಿಯುತ್ತಿದ್ದವು. ಎಮ್ಮೆಗಳು ಮೀಯುವ ಕೆರೆಗೆ ಆಕಾಶದಿಂದ ದೋಣಿ ಇಳಿಯುವುದನ್ನು ಕಂಡ ಹಳ್ಳಿಗರು ಮನೆಗೆ ಹೋಗಿ ಏನೆಂದು ಹೇಳಿದ್ದಾರೋ! ಆ ಪ್ರಯಾಣಿಕರು ಶ್ರೀಮಂತರು, ಅಧಿಕಾರಿಗಳು. ನಮ್ಮಂಥವರಿಗೆ ಅದು ನೋಡಿ ಬೆರಗಾಗುವ ವಸ್ತು ಮಾತ್ರ. ಆದರೂ ಅವರು ದಾರಿಯಲ್ಲಿ ಇಳಿಯುತ್ತಿದ್ದರು, ನಡುವಿನ ಊರಿನ ನೀರು ಕುಡಿಯುತ್ತಿದ್ದರು.

ಈ ದಾರಿಯ ಅತ್ಯಂತ ವಿಸ್ಮಯಕರ ಅಧ್ಯಾಯ ಎರಡನೆಯ ಮಹಾಯುದ್ಧದ್ದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನರ ವಶವಾಯಿತು. ಮೆಟ್ಟಿಲುಗಳ ಸಾಲಿನಲ್ಲಿ ನಡುವಿನ ಮೆಟ್ಟಿಲೇ ಮುರಿದುಬಿತ್ತು. ಆಗ ಆಸ್ಟ್ರೇಲಿಯದ ಪಶ್ಚಿಮ ತುದಿಯ ಪರ್ತ್ ನಗರದಿಂದ ಸಿಂಹಳದ ದಕ್ಷಿಣ ತುದಿಯ ಕೊಗ್ಗಲ ಸರೋವರಕ್ಕೆ, ಇಡೀ ಹಿಂದೂ ಮಹಾಸಾಗರವನ್ನು ಒಂದೇ ನೆಗೆತದಲ್ಲಿ ದಾಟುವ ಯೋಜನೆ ಮಾಡಿದರು. ದೂರ 5600 ಕಿಲೋಮೀಟರಿಗೂ ಮಿಕ್ಕಿ. 1943ರಿಂದ 1945ರವರೆಗೆ ಐದು ಕ್ಯಾಟಲೈನಾ ದೋಣಿವಿಮಾನಗಳು ಈ ಕೆಲಸ ಮಾಡಿದವು. ವೇಗ ಗಂಟೆಗೆ ಸುಮಾರು 200 ಕಿಲೋಮೀಟರು. ಇಂಧನದ ಭಾರವೇ ಎಷ್ಟಿತ್ತೆಂದರೆ ಮೂವರು ಪ್ರಯಾಣಿಕರು ಮತ್ತು ಕೆಲವು ಕಿಲೋ ಅಂಚೆಗಿಂತ ಹೆಚ್ಚಿನದನ್ನು ಒಯ್ಯುವಂತಿರಲಿಲ್ಲ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನ. ನಕ್ಷತ್ರಗಳನ್ನು ನೋಡಿಯೇ ದಾರಿ ಹಿಡಿಯಬೇಕು. ಆ ವಿಮಾನಗಳಿಗೆ ಇಟ್ಟ ಹೆಸರುಗಳೂ ದಾರಿ ತೋರುವ ನಕ್ಷತ್ರಗಳವೇ. ಅವುಗಳಲ್ಲಿ ವೇಗಾ ಎಂಬುದು ನಮ್ಮ ಅಭಿಜಿತ್, ಸ್ಪೈಕಾ ಎಂಬುದು ನಮ್ಮ ಚಿತ್ತಾ. ಪ್ರಯಾಣಕ್ಕೆ 27ರಿಂದ 33 ಗಂಟೆ ಹಿಡಿಯುತ್ತಿತ್ತು. ಗಾಳಿಯಲ್ಲಿದ್ದಂತೆಯೇ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಪ್ರಯಾಣ ಮುಗಿಸಿದವರಿಗೆ ‘ಎರಡು ಸೂರ್ಯೋದಯಗಳ ರಹಸ್ಯ ಸಂಘ’ದ ಸದಸ್ಯತ್ವದ ಪತ್ರ ಕೊಡುತ್ತಿದ್ದರಂತೆ. 271 ಬಾರಿ ಆ ಸಾಗರವನ್ನು ದಾಟಿದರು. ಒಂದು ಜೀವವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ, ಅಮೆರಿಕದೊಡನೆ ಆಗಿದ್ದ ಒಪ್ಪಂದದ ಷರತ್ತಿನಂತೆ, ಆ ವಿಮಾನಗಳನ್ನು ಆಸ್ಟ್ರೇಲಿಯದ ಕಡಲಲ್ಲಿಯೇ ಮುಳುಗಿಸಿಬಿಟ್ಟರು.

1947ರ ಡಿಸೆಂಬರ್ 1ರಂದು ಕ್ವಾಂಟಾಸಿನ ಕಾನ್‌ಸ್ಟೆಲೇಷನ್ ವಿಮಾನ 29 ಪ್ರಯಾಣಿಕರೊಡನೆ ಸಿಡ್ನಿಯಿಂದ ಲಂಡನ್ನಿಗೆ ಹೊರಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೋಲಿ ಎಂದು ನೆಗೆಯುತ್ತ ಹೋಗುವುದರಿಂದ ಅದಕ್ಕೆ ‘ಕಾಂಗರೂ ಮಾರ್ಗ’ ಎಂದು ಹೆಸರು. ಒಟ್ಟು ನಾಲ್ಕು ದಿನ. ಅಂದಿಗೆ ಕಲ್ಕತ್ತವೂ ಕರಾಚಿಯೂ ಎರಡು ಬೇರೆ ದೇಶಗಳಾಗಿ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. 1959ರಲ್ಲಿ ಜೆಟ್ ವಿಮಾನ ಬಂದು ಪ್ರಯಾಣವನ್ನು ಒಂದೂವರೆ ದಿನಕ್ಕೆ ಇಳಿಸಿತು. 1970ರ ದಶಕದಲ್ಲಿ ಜಂಬೋ ಬಂದು ಸಾಮಾನ್ಯರಿಗೂ ಅದು ಎಟುಕುವಂತೆ ಮಾಡಿತು. ವಿಮಾನಗಳ ಶಕ್ತಿ ಹೆಚ್ಚಿದಂತೆಲ್ಲ ಮೆಟ್ಟಿಲುಗಳು ಒಂದೊಂದಾಗಿ ಕಳಚಿಕೊಂಡವು.

1989ರ ಆಗಸ್ಟಿನಲ್ಲಿ ಒಂದು ಬೋಯಿಂಗ್ 747-400 ವಿಮಾನ ಲಂಡನ್ನಿನಿಂದ ಸಿಡ್ನಿಗೆ ಎಲ್ಲಿಯೂ ನಿಲ್ಲದೆ 20 ಗಂಟೆ 9 ನಿಮಿಷಗಳಲ್ಲಿ ಹಾರಿತು. ಅದರಲ್ಲಿ ಟಿಕೆಟು ಕೊಂಡ ಪ್ರಯಾಣಿಕರಿರಲಿಲ್ಲ. ಹೆಚ್ಚು ಸಾಂದ್ರವಾದ ಇಂಧನವನ್ನು ಜರ್ಮನಿಯಿಂದ ತರಿಸಿ ತುಂಬಿದ್ದರು. ಅದರಲ್ಲಿ ಒಂದಿಷ್ಟೂ ವ್ಯರ್ಥವಾಗದಿರಲೆಂದು ವಿಮಾನವನ್ನು ಓಡುದಾರಿಯವರೆಗೆ ಎಳೆದುಕೊಂಡೇ ಹೋಗಿದ್ದರು. 2018ರ ಮಾರ್ಚಿನಲ್ಲಿ ಪರ್ತ್–ಲಂಡನ್ ನೇರ ಸೇವೆ ಆರಂಭವಾಯಿತು: ಸುಮಾರು 14,500 ಕಿಲೋಮೀಟರು, ಹೆಚ್ಚುಕಡಿಮೆ 17 ಗಂಟೆ. ಕ್ಯಾಟಲೈನಾಗಳು ಅದೇ ಪರ್ತಿನಿಂದ ಸಿಂಹಳಕ್ಕೆ ಮಾತ್ರ ಹೋಗಲು ಇದಕ್ಕಿಂತ ಹತ್ತು ಗಂಟೆ ಹೆಚ್ಚು ಹಿಡಿಯುತ್ತಿದ್ದವು. 2019ರ ನವೆಂಬರಿನಲ್ಲಿ, ನನ್ನ ವಿದ್ಯಾರ್ಥಿನಿ ಸಿಡ್ನಿಗೆ ಹಿಂದಿರುಗಿದ ಕೆಲವೇ ತಿಂಗಳಲ್ಲಿ, ಸುಮಾರು ಐವತ್ತು ಜನರನ್ನು ಹೊತ್ತ ಪರೀಕ್ಷಾ ವಿಮಾನವೊಂದು ಲಂಡನ್ನಿನಿಂದ ಸಿಡ್ನಿಗೆ 19 ಗಂಟೆ 19 ನಿಮಿಷಗಳಲ್ಲಿ ಬಂದು ಇಳಿಯಿತು. ಕ್ಯಾಟಲೈನಾಗಳ ನೆನಪಿಗಾಗಿ ಆ ಯೋಜನೆಗೆ ‘ಸೂರ್ಯೋದಯ’ವೆಂದೇ ಹೆಸರಿಟ್ಟಿದ್ದಾರೆ. ಅದಕ್ಕಾಗಿ ಹನ್ನೆರಡು ಏರ್‌ಬಸ್ ಎ350-1000 ವಿಮಾನಗಳನ್ನು ಕೊಳ್ಳುವುದಾಗಿ ಕ್ವಾಂಟಾಸ್ 2022ರಲ್ಲಿ ಪ್ರಕಟಿಸಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. 1989ರ ಹಾರಾಟವೂ 2019ರ ಹಾರಾಟವೂ ಲಂಡನ್ನಿನಿಂದ ಸಿಡ್ನಿಯ ಕಡೆಗೇ ಆದವು. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ಗಾಳಿಯ ಹೊನಲುಗಳಿವೆ. ಪೂರ್ವಕ್ಕೆ ಹೋಗುವಾಗ ಅವು ಬೆನ್ನು ತಳ್ಳುತ್ತವೆ, ಪಶ್ಚಿಮಕ್ಕೆ ಬರುವಾಗ ಎದೆಗೆ ಎದುರಾಗುತ್ತವೆ. ಆದ್ದರಿಂದ ಹೋಗುವ ದೂರವೂ ಬರುವ ದೂರವೂ ಒಂದೇ ಆದರೂ ಕಾಲ ಒಂದೇ ಅಲ್ಲ. ಇನ್ನು ದಾರದ ದಾರಿಯಲ್ಲಿ ಯಾವಾಗಲೂ ಹಾರಬಹುದೆಂದೂ ಇಲ್ಲ; ಉಕ್ರೇನಿನ ಯುದ್ಧ ಆರಂಭವಾದಾಗ, 2022ರಲ್ಲಿ, ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಗೋಳದ ಮೇಲಿನ ದಾರಕ್ಕೆ ಗಾಳಿಯೂ ಇಲ್ಲ, ಗಡಿಯೂ ಇಲ್ಲ. ನಿಜವಾದ ದಾರಿಗೆ ಎರಡೂ ಉಂಟು. ತರಗತಿಯಲ್ಲಿ ನಾನು ಇದನ್ನು ಹೇಳಿಕೊಡಲಿಲ್ಲ. ದಾರವೇ ದಾರಿಯೆಂದು ಕಲಿಸಿದೆ. ಅದು ನನ್ನ ಪಾಠದ ಕೊರತೆ.

ಹಾಗಾದರೆ ಈ ಕಥೆಯಿಂದ ನನಗೆ ತಿಳಿದದ್ದೇನು? 1919ರಿಂದ 2019ರವರೆಗೆ, ಒಂದು ನೂರು ವರ್ಷಗಳಲ್ಲಿ, 28 ದಿನಗಳ ದಾರಿ 20 ಗಂಟೆಯೂ ಇಲ್ಲದಂತಾಯಿತು. ಎರಡು ಊರುಗಳ ನಡುವಿನ ನೆಲ ಮಾತ್ರ ಒಂದು ಅಂಗುಲವೂ ಕಡಮೆಯಾಗಲಿಲ್ಲ. ಕಡಮೆಯಾದದ್ದು ಗಾಳಿಯಲ್ಲಿನ ಕಾಲ, ಮತ್ತು ಅದಕ್ಕಿಂತ ಹೆಚ್ಚಾಗಿ ನಡುವಿನ ನಿಲುಗಡೆಗಳು. ರಾಸ್ ಸ್ಮಿತ್ ತನ್ನ 28 ದಿನಗಳಲ್ಲಿ ಆರು ದಿನವನ್ನೂ ತುಂಬ ಹಾರಲಿಲ್ಲ. ಉಳಿದದ್ದೆಲ್ಲ ನೆಲದ ಮೇಲೆ, ಜನರ ನಡುವೆ ಕಳೆಯಿತು. ಬಿದಿರ ತಟ್ಟಿ ಹಾಸಿಕೊಟ್ಟ ಸುರಬಾಯದವರಾಗಲಿ, ರಾಜಸಮಂದದ ದಂಡೆಯವರಾಗಲಿ, ಕೊಗ್ಗಲದವರಾಗಲಿ ಇಲ್ಲದೆ ಆ ದಾರಿ ಹುಟ್ಟುತ್ತಿರಲಿಲ್ಲ. ದಾರಿ ಬೆಳೆದು ದೊಡ್ಡದಾದ ಮೇಲೆ ಆ ಊರುಗಳ ಮೇಲಿನಿಂದ ಹಾರಿಹೋಯಿತು. ಸಾಕಿದವರ ಮನೆಯ ಮುಂದೆಯೇ ನಿಲ್ಲದೆ ಹೋಗುವ ಮಗನ ಹಾಗೆ.

ವೇಗವನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಮಳೆಗಾಲದಲ್ಲಿ ಇನ್ನೊಂದು ದಿನ ಬೇಗ ತಲುಪುವ ದಾರಿಯಿದ್ದಿದ್ದರೆ ಒಬ್ಬ ಮಗಳಿಗೆ ತಾಯಿಯ ಮುಖ ಕಾಣುತ್ತಿತ್ತು. ನಿಲ್ಲದ ವಿಮಾನದ ಬೆಲೆ ಏನೆಂದು ಅವಳನ್ನು ಕೇಳಬೇಕು. ಆದರೆ ತಾಯಿ ಬದುಕಿದ್ದಾಗ ಅವಳು ಒಂದೊಂದು ವಾರ ಇಲ್ಲಿ ಇದ್ದು ಹೋದದ್ದು ವಿಮಾನ ನಿಲ್ಲುತ್ತಿದ್ದುದರಿಂದಲ್ಲವೇ? ಹೌದೇ, ಅಲ್ಲವೇ ಎಂದು ಬಹಳ ದಿನ ಯೋಚಿಸಿದೆ. ಅಲ್ಲ ಎಂದು ಈಗ ನನಗೆ ತೋರುತ್ತದೆ. ವಿಮಾನ ನಿಲ್ಲುತ್ತಿದ್ದುದು ಸಿಂಗಪುರದಲ್ಲೋ ಮತ್ತೆಲ್ಲೋ. ನಮ್ಮ ಪಕ್ಕದ ಊರಿನಲ್ಲಿ ಯಾವ ವಿಮಾನವೂ ಯಾವತ್ತೂ ನಿಂತಿಲ್ಲ. ನಿಂತವಳು ಅವಳು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೂ ಸಿಡ್ನಿಗೂ ನೇರ ವಿಮಾನ ಸೇವೆ ಆರಂಭವಾಯಿತು. ದಕ್ಷಿಣ ಭಾರತಕ್ಕೂ ಆಸ್ಟ್ರೇಲಿಯಕ್ಕೂ ನಡುವೆ ಅದೇ ಮೊದಲನೆಯದು. ಸುದ್ದಿ ಓದಿದ ದಿನ ಸಂಜೆ ಅವಳೇ ಫೋನು ಮಾಡಿದಳು. “ನೋಡಿ ಮೇಷ್ಟ್ರೇ, ದಾರಿ ಬಂತು. ಹೋಗೋಣವೆಂದರೆ ಅಮ್ಮ ಇಲ್ಲ” ಎಂದಳು. ನಾನು ಹೇಳಿದೆ: “ಮಗೂ, ಗೋಡೆಯ ನಕ್ಷೆಯ ಗೆರೆ ನೆನಪಿದೆಯೇ? ಲಂಡನ್ನಿಗೆ ಹೋಗುವಾಗ ನಮ್ಮೂರನ್ನು ಮುಟ್ಟಿ ಹೋದರೆ ಏಳುನೂರು ಕಿಲೋಮೀಟರಿನಷ್ಟು ಸುತ್ತು. 17,000ದಲ್ಲಿ ಏಳುನೂರು ಎಷ್ಟಾಯಿತು, ಲೆಕ್ಕ ಹಾಕು.”

ಅವಳು ಅತ್ತ ಕಡೆ ಒಂದು ಕ್ಷಣ ತಡೆದಳು. ಹಳೆಯ ಅಭ್ಯಾಸ, ಮನಸ್ಸಿನಲ್ಲಿಯೇ ಭಾಗಾಕಾರ ಮಾಡುತ್ತಿದ್ದಳು. “ನೂರಕ್ಕೆ ಸುಮಾರು ನಾಲ್ಕು, ಮೇಷ್ಟ್ರೇ” ಎಂದಳು.

ಮುಂದಿನ ಬೇಸಗೆಯಲ್ಲಿ ಮಗಳನ್ನೂ ಕರೆದುಕೊಂಡು ಬಂದಳು. ನಾಲ್ಕು ದಿನ ತಾಯಿಯ ಮನೆಯ ಬಾಗಿಲು ತೆರೆದಿತ್ತು. ಹೊರಡುವ ಮುನ್ನ ಮೊಮ್ಮಗಳು ಅಜ್ಜಿಯ ಹೂಬುಟ್ಟಿಯಲ್ಲಿ ಉಳಿದಿದ್ದ ದಾರದ ಉಂಡೆಯನ್ನು ಲಂಡನ್ನಿಗೆ ತೆಗೆದುಕೊಂಡು ಹೋದಳಂತೆ.

ದೂರದೂರುಗಳಲ್ಲಿ ಇರುವ ನನ್ನ ಎಲ್ಲ ಮಕ್ಕಳಿಗೂ ಇದೇ ಲೆಕ್ಕವನ್ನು ಮನೆಪಾಠವಾಗಿ ಕೊಡುತ್ತಿದ್ದೇನೆ.